ಕಲ್ಲನ್ನು ತೇಲಿಸುವ ವಿದ್ಯೆ

ಕಲ್ಲು ನೀರಿನಲ್ಲಿ ಮುಳುಗುವುದೆಂಬುದು ಮಕ್ಕಳಿಗೂ ತಿಳಿದ ಸಂಗತಿ. ನಳನು ಸಮುದ್ರದ ಮೇಲೆ ಬಂಡೆಗಳನ್ನು ನಿಲ್ಲಿಸಿದ ಕಥೆಯನ್ನು ಕೇಳಿದಾಗ ನಾವು ಅದನ್ನು ದೈವಾನುಗ್ರಹಕ್ಕೆ ಬಿಟ್ಟು ಸುಮ್ಮನಾಗುತ್ತೇವೆ. ಆದರೆ ಯಾವ ವರವೂ ಇಲ್ಲದೆ, ಕೇವಲ ಸ್ವಲ್ಪ ಸಾಬೂನಿನಂಥ ವಸ್ತು, ನೀರು ಮತ್ತು ಗಾಳಿ ಇವುಗಳ ಸಹಾಯದಿಂದ, ಹಗಲೂ ರಾತ್ರಿಯೂ ಸಾವಿರಾರು ಟನ್ ಕಲ್ಲಿನ ಪುಡಿಯನ್ನು ತೇಲಿಸುವ ಕಾರ್ಖಾನೆಗಳು ಲೋಕದಲ್ಲಿವೆ. ಅದರಲ್ಲಿಯೂ ಒಂದು ಜಾತಿಯ ಕಲ್ಲು ತೇಲಬೇಕು, ಅದರ ನೆರೆಯ ಕಲ್ಲು ಮುಳುಗಬೇಕು. ಹಾಗೆ ಆರಿಸಿ ತೇಲಿಸುವುದೇ ಆ ವಿದ್ಯೆಯ ಮರ್ಮ. ಈ ದಿನ ನಾವು ಆ ಮರ್ಮವನ್ನು ಲಿಥಿಯಂ ಎಂಬ ಲೋಹದ ನಿದರ್ಶನವನ್ನು ತೆಗೆದುಕೊಂಡು ವಿಚಾರ ಮಾಡೋಣ.

ಲಿಥಿಯಮ್ಮನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಮತ್ತು ಅಲ್ಲಾಪಟ್ಟಣದ ಪ್ರದೇಶದಲ್ಲಿ ಲಿಥಿಯಂ ಇದೆಯೆಂದು ಅಣುಖನಿಜಗಳ ಶೋಧನೆಗೆ ನಿಯಮಿತವಾದ ಕೇಂದ್ರ ಸರ್ಕಾರದ ಇಲಾಖೆಯವರು ಕಂಡರು. ಪ್ರಾಥಮಿಕ ಶೋಧನೆಯ ಆಧಾರದ ಮೇಲೆ ಅದರ ಪ್ರಮಾಣ 1,600 ಟನ್ ಇರಬಹುದೆಂದು 2021ರಲ್ಲಿ ಸರ್ಕಾರವು ಪ್ರಕಟಿಸಿತು. ಸುದ್ದಿಯನ್ನು ಕೇಳಿದ ಕೂಡಲೇ ಬಹು ಜನರು ಕೋಲಾರದ ಚಿನ್ನದಂತೆ ಮಂಡ್ಯದ ಬಿಳಿಯ ಚಿನ್ನವೆಂದು ಹಿಗ್ಗಿದರು. ಹಿಗ್ಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನೆಲದಲ್ಲಿ ಇರುವುದು ಬೇರೆ, ಕೈಗೆ ಬರುವುದು ಬೇರೆ. ಇವೆರಡರ ನಡುವೆ ಇರುವ ದೂರವನ್ನು ಅಳೆಯುವುದಕ್ಕೆ ನಮಗೆ ತಿಳಿವಳಿಕೆ ಬೇಕು. ಆ ತಿಳಿವಳಿಕೆ ಗಣಿಯ ಎಂಜಿನಿಯರಿಗೆ ಮಾತ್ರ ಸೇರಿದುದಲ್ಲ. ತನ್ನ ಊರಿನ ನೆಲ ಮತ್ತು ನೀರುಗಳ ಹೊಣೆಯನ್ನು ಹೊತ್ತ ಪ್ರತಿಯೊಬ್ಬ ಪೌರನಿಗೂ ಸೇರಿದುದು.

ಲಿಥಿಯಂ ಎಂಬುದು ಲೋಹಗಳಲ್ಲೆಲ್ಲಾ ಹಗುರವಾದುದು. ಅದರ ಸಾಂದ್ರತೆ ನೀರಿನ ಸಾಂದ್ರತೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. 1817ರಲ್ಲಿ ಸ್ವೀಡನ್ ದೇಶದ ಆರ್ಫ್ವೆಡ್‌ಸನ್ ಎಂಬ ಯುವಕನು, ಪ್ರಸಿದ್ಧ ರಸಾಯನ ಪಂಡಿತನಾದ ಬರ್ಜೀಲಿಯಸನ ಪ್ರಯೋಗಶಾಲೆಯಲ್ಲಿ, ಊಟೋ ದ್ವೀಪದ ಪೆಟಲೈಟ್ ಎಂಬ ಖನಿಜವನ್ನು ಪರೀಕ್ಷಿಸುತ್ತಿರುವಾಗ ಇದನ್ನು ಗುರುತಿಸಿದನು. ಇದರ ಬಂಧುವಾದ ಪೊಟ್ಯಾಸಿಯಂ ಗಿಡಮರಗಳ ಬೂದಿಯಲ್ಲಿ ಸಿಕ್ಕಿತ್ತು. ಇದಾದರೋ ಕಲ್ಲಿನಲ್ಲಿ ಸಿಕ್ಕಿತು. ಆದುದರಿಂದ ಕಲ್ಲೆಂಬ ಅರ್ಥವುಳ್ಳ ಗ್ರೀಕ್ ಪದದಿಂದ ಅದಕ್ಕೆ ಹೆಸರಿಟ್ಟರು. ನೂರು ವರ್ಷಕ್ಕೂ ಹೆಚ್ಚು ಕಾಲ ಗಾಜು, ಪಿಂಗಾಣಿ, ಯಂತ್ರಗಳ ಜಿಡ್ಡು, ಕೆಲವು ಔಷಧಗಳು ಇವುಗಳ ಮಟ್ಟಿಗೆ ಇದರ ಉಪಯೋಗವಿತ್ತು. 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಗಳು ಜಪಾನಿನಿಂದ ಮಾರುಕಟ್ಟೆಗೆ ಬಂದ ಮೇಲೆ ಅದರ ಅದೃಷ್ಟವೇ ತಿರುಗಿತು. ಆ ಬ್ಯಾಟರಿಗಳಿಗೆ ಅಡಿಗಲ್ಲನ್ನಿಟ್ಟ ಗುಡ್‌ಇನಫ್, ವಿಟಿಂಗ್‌ಹ್ಯಾಂ, ಯೋಷಿನೋ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ನಮ್ಮ ಜೇಬಿನ ಮೊಬೈಲು, ರಸ್ತೆಯಲ್ಲಿ ಸದ್ದಿಲ್ಲದೆ ಓಡುವ ವಿದ್ಯುತ್ ಮೋಟಾರು ಇವೆಲ್ಲವೂ ಆ ಕಲ್ಲಿನ ಲೋಹಕ್ಕೆ ಋಣಿಗಳು.

ಲಿಥಿಯಮ್ಮಿಗೆ ಭೂಮಿಯಲ್ಲಿ ಮುಖ್ಯವಾಗಿ ಎರಡು ನೆಲೆಗಳುಂಟು. ಒಂದು, ಚಿಲಿಯ ಅಟಕಾಮಾದಂಥ ಮರುಭೂಮಿಗಳ ಉಪ್ಪುನೀರು. ಇನ್ನೊಂದು, ಪೆಗ್ಮಟೈಟ್ ಎಂಬ ದಪ್ಪ ಹರಳುಗಳ ಬಂಡೆ. ಭೂಗರ್ಭದ ಕರಗಿದ ಶಿಲಾರಸವು ತಣಿಯುತ್ತ ಬರುವಾಗ, ಬೇರೆ ಹರಳುಗಳಲ್ಲಿ ಸ್ಥಳ ಸಿಕ್ಕದ ಮೂಲವಸ್ತುಗಳು ಕೊನೆಯ ದ್ರವದಲ್ಲಿ ಉಳಿದುಕೊಳ್ಳುತ್ತವೆ. ಆ ಕೊನೆಯ ದ್ರವವು ಬಿರುಕುಗಳಲ್ಲಿ ನುಗ್ಗಿ ಗಟ್ಟಿಯಾದುದೇ ಪೆಗ್ಮಟೈಟ್. ಮಂಡ್ಯದಲ್ಲಿ ಕಂಡುದೂ ಇಂಥ ಬಂಡೆಯೇ. ಅದರಲ್ಲಿ ಲಿಥಿಯಂ ಉಳ್ಳ ಖನಿಜಗಳಲ್ಲಿ ಸ್ಪಾಡ್ಯುಮೀನ್ ಎಂಬುದು ಪ್ರಧಾನವಾದುದು. ಶುದ್ಧವಾದ ಸ್ಪಾಡ್ಯುಮೀನಿನಲ್ಲಿ ನೂರಕ್ಕೆ ಎಂಟು ಪಾಲು ಲಿಥಿಯಂ ಆಕ್ಸೈಡು ಇರುವುದು. ಆದರೆ ಅದು ಒಂಟಿಯಾಗಿ ಬಾಳುವ ಖನಿಜವಲ್ಲ. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರವೆಂದು ನಮ್ಮ ಜನ ಕರೆಯುವ ಅಭ್ರಕ, ಇವು ಅದರ ನೆರೆಹೊರೆ. ಇವೆಲ್ಲವೂ ಸಿಲಿಕಾನ್ ಮತ್ತು ಆಮ್ಲಜನಕಗಳಿಂದಾದ ಸಿಲಿಕೇಟ್ ಕುಲದವು. ಒಂದೇ ಮನೆತನದ ಅಣ್ಣತಮ್ಮಂದಿರ ಆಸ್ತಿಯನ್ನು ಪಾಲು ಮಾಡುವುದು ಎಷ್ಟು ಕಷ್ಟವೋ ಇವನ್ನು ಬೇರ್ಪಡಿಸುವುದೂ ಅಷ್ಟೇ ಕಷ್ಟ.

ಕೆಲವೆಡೆ ಪ್ರಕೃತಿಯೇ ಈ ಕಷ್ಟವನ್ನು ತಪ್ಪಿಸಿದೆ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಎಟ್ಟಾ ಎಂಬ ಗಣಿಯುಂಟು. ಅಲ್ಲಿ ನಲವತ್ತು ಅಡಿಗೂ ಮೀರಿ ಉದ್ದವಾದ ಸ್ಪಾಡ್ಯುಮೀನ್ ಹರಳುಗಳು ಕಡಿದ ಮರದ ದಿಮ್ಮಿಗಳಂತೆ ಬಂಡೆಯಲ್ಲಿ ಅಡ್ಡಡ್ಡಲಾಗಿ ಹುದುಗಿದ್ದುವು. ಅಂಥಲ್ಲಿ ಸುತ್ತಿಗೆಯೂ ಕಣ್ಣೂ ಇದ್ದರೆ ಸಾಕು, ಕೈಯಿಂದಲೇ ಆರಿಸಿಕೊಳ್ಳಬಹುದು. ಆದರೆ ಇದು ಅಪರೂಪ. ಬಹು ಗಣಿಗಳಲ್ಲಿ ಹರಳು ಸಣ್ಣದು, ನೆರೆಯ ಹರಳುಗಳೊಡನೆ ಹೆಣೆದುಕೊಂಡದ್ದು. ಅದಿರಿನ ಒಟ್ಟು ತೂಕದಲ್ಲಿ ಲಿಥಿಯಂ ಆಕ್ಸೈಡು ನೂರಕ್ಕೆ ಒಂದೋ ಒಂದೂವರೆಯೋ ಪಾಲು ಮಾತ್ರ. ಇದನ್ನು ಮುಂದಿನ ಕಾರ್ಖಾನೆಗೆ ಯೋಗ್ಯವಾಗಿ ಮಾಡಬೇಕಾದರೆ ಸುಮಾರು ಆರು ಪಾಲಿನ ಮಟ್ಟಕ್ಕೆ ಏರಿಸಬೇಕು.

ತೂಕದ ವ್ಯತ್ಯಾಸದಿಂದ ಬೇರ್ಪಡಿಸಬಾರದೇಕೆ ಎಂದು ಶ್ರೋತೃಗಳು ಕೇಳಬಹುದು. ಕಣದಲ್ಲಿ ರೈತನು ಮೊರವೆತ್ತಿ ತೂರಿದಾಗ ಜೊಳ್ಳು ಹಾರಿ ಕಾಳು ಕಾಲಬಳಿ ಬೀಳುತ್ತದೆ. ಹೊಳೆಯ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನ ತೆಗೆಯುತ್ತಿದ್ದ ನಮ್ಮ ನಾಡಿನ ಜಲಗಾರರೂ ಇದೇ ನ್ಯಾಯವನ್ನು ನಂಬಿದವರು. ಆದರೆ ಚಿನ್ನವು ನೀರಿಗಿಂತ ಹತ್ತೊಂಬತ್ತು ಪಾಲು ಭಾರ. ಮರಳು ಎರಡೂವರೆ ಪಾಲಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಅಂತರವಿದ್ದಲ್ಲಿ ತೊಳೆತವು ನಡೆಯುವುದು. ಸ್ಪಾಡ್ಯುಮೀನಿನ ಸಾಂದ್ರತೆ ಸುಮಾರು 3.15, ಬೆಣಚುಕಲ್ಲಿನದು 2.65. ಈ ಅಲ್ಪಾಂತರವನ್ನೂ ಉಪಯೋಗಿಸಿಕೊಳ್ಳುವವರುಂಟು. ಕಬ್ಬಿಣ ಮತ್ತು ಸಿಲಿಕಾನ್ ಬೆರೆತ ನುಣ್ಣನೆಯ ಪುಡಿಯನ್ನು ನೀರಿನಲ್ಲಿ ಕಲಸಿ, ಬೆಣಚುಕಲ್ಲು ತೇಲುವಷ್ಟು ಭಾರವಾದ ದ್ರವವನ್ನು ಮಾಡಿಕೊಂಡು, ಅದರಲ್ಲಿ ಜಲ್ಲಿಯನ್ನು ಹಾಕುವರು. ಸ್ಪಾಡ್ಯುಮೀನ್ ತಳಕ್ಕೆ ಇಳಿಯುವುದು. ಹರಳು ದಪ್ಪವಾಗಿ ಬಿಡಿಬಿಡಿಯಾಗಿದ್ದರೆ ಈ ಉಪಾಯ ಚೆನ್ನಾಗಿದೆ. ಮರಳಿಗಿಂತಲೂ ನುಣ್ಣಗೆ ಅರೆದರೆ ಮಾತ್ರ ಬಿಡಿಯಾಗುವ ಅದಿರಿನಲ್ಲಿ ಅದು ಸಾಗುವುದಿಲ್ಲ. ಅಲ್ಲಿ ತೂಕವನ್ನು ಬಿಟ್ಟು ಬೇರೊಂದು ಗುಣವನ್ನು ಹುಡುಕಬೇಕು.

ಆ ಗುಣವು ಕಣದ ಒಳಗಿಲ್ಲ, ಅದರ ಚರ್ಮದಲ್ಲಿದೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನೂ ಬಾಳೆಯ ಎಲೆಯ ಮೇಲೆ ಹರಡಿ ನಿಲ್ಲುವುದನ್ನೂ ನಾವೆಲ್ಲ ನೋಡಿದ್ದೇವೆ. ಮೊದಲನೆಯದು ನೀರನ್ನು ಒಲ್ಲದ ಮೈ. ಎರಡನೆಯದು ನೀರಿಗೆ ಅಷ್ಟು ಮುಖ ತಿರುಗಿಸದ ಮೈ. ನೀರಿನಲ್ಲಿ ಮುಳುಗಿದ ಪುಡಿಯ ನಡುವೆ ಗಾಳಿಯ ಗುಳ್ಳೆಗಳನ್ನು ಬಿಟ್ಟರೆ, ನೀರನ್ನು ಒಲ್ಲದ ಕಣಗಳು ಗಾಳಿಯನ್ನು ಅಪ್ಪಿಕೊಂಡು ಗುಳ್ಳೆಯೊಡನೆ ಮೇಲೇರುವುವು; ನೀರನ್ನು ಒಲ್ಲುವ ಕಣಗಳು ಕೆಳಗೇ ಉಳಿಯುವುವು. ಮೇಲೆ ಕಟ್ಟಿದ ನೊರೆಯನ್ನು ಬೆಣ್ಣೆಯಂತೆ ತೆಗೆದುಕೊಂಡರೆ ಕೆಲಸವಾಯಿತು.

ಈ ವಿದ್ಯೆಯ ಚರಿತ್ರೆಯು ದೀರ್ಘವಾದುದು. 1877ರಲ್ಲಿ ಜರ್ಮನಿಯ ಬೆಸ್ಸೆಲ್ ಸಹೋದರರು ಗ್ರಾಫೈಟನ್ನು ಈ ಬಗೆಯಲ್ಲಿ ಶುದ್ಧಿ ಮಾಡಲು ಪೇಟೆಂಟು ಪಡೆದರು. 1886ರಲ್ಲಿ ಕ್ಯಾರಿ ಎವರ್ಸನ್ ಎಂಬ ಅಮೆರಿಕದ ಮಹಿಳೆ, ಎಣ್ಣೆ ಮತ್ತು ಆಮ್ಲಗಳಿಂದ ಅದಿರನ್ನು ಬೇರ್ಪಡಿಸುವ ಕ್ರಮಕ್ಕೆ ಪೇಟೆಂಟು ಪಡೆದಳು. ಆದರೆ ಇದು ದೊಡ್ಡ ಉದ್ಯಮವಾದುದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಆಸ್ಟ್ರೇಲಿಯಾದ ಬ್ರೋಕನ್ ಹಿಲ್ಲಿನಲ್ಲಿ. ಅಲ್ಲಿ ಸೀಸ ಮತ್ತು ಬೆಳ್ಳಿಯನ್ನು ತೆಗೆದುಕೊಂಡು, ಬೇರ್ಪಡಿಸಲಾರದ ಸತುವನ್ನು ಗುಡ್ಡಗುಡ್ಡವಾಗಿ ಎಸೆದಿದ್ದರು. ನೊರೆಯ ವಿದ್ಯೆ ಕೈಗೂಡಿದೊಡನೆ ಆ ಕಸದ ಗುಡ್ಡಗಳೇ ಐಶ್ವರ್ಯವಾದುವು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಭಾಷಣದ ಕೊನೆಯಲ್ಲಿ ಬೇಕಾಗುವುದು.

ಬ್ರೋಕನ್ ಹಿಲ್ಲಿನ ಖನಿಜಗಳು ಗಂಧಕದೊಡನೆ ಕೂಡಿದವು. ಅವುಗಳ ಮೈಯನ್ನು ನೀರಿಗೆ ವಿಮುಖವಾಗಿ ಮಾಡುವುದು ಸುಲಭ. ಸಿಲಿಕೇಟುಗಳಾದರೋ ಎಲ್ಲವೂ ನೀರನ್ನು ಪ್ರೀತಿಸುವ ಮೈಯುಳ್ಳವು. ಯಾವುದೂ ತಾನಾಗಿ ತೇಲದು. ಆದುದರಿಂದ ನಮಗೆ ಬೇಕಾದ ಕಲ್ಲಿಗೆ ಮಾತ್ರ ಒಂದು ಅಂಗಿಯನ್ನು ತೊಡಿಸಬೇಕು. ಸಾಬೂನಿನ ಗುಣವನ್ನು ನೋಡಿರಿ. ಅದರ ಪ್ರತಿಯೊಂದು ಅಣುವಿಗೂ ತಲೆಯೊಂದು, ಉದ್ದವಾದ ಬಾಲವೊಂದು. ತಲೆಗೆ ನೀರೂ ಲೋಹವೂ ಇಷ್ಟ. ಬಾಲಕ್ಕೆ ಎಣ್ಣೆಯೂ ಗಾಳಿಯೂ ಇಷ್ಟ. ತಲೆಯು ಕಲ್ಲನ್ನು ಕಚ್ಚಿಕೊಂಡರೆ ಬಾಲವು ಹೊರಮುಖವಾಗಿ ನಿಂತು, ಕಲ್ಲಿನ ಮೈ ಕೆಸುವಿನ ಎಲೆಯಂತಾಗುವುದು. ಸ್ಪಾಡ್ಯುಮೀನಿಗೆ ಉಪಯೋಗಿಸುವುದು ಬಹುಮಟ್ಟಿಗೆ ಇಂಥದೇ ವಸ್ತು: ಓಲಿಯಿಕ್ ಆಮ್ಲ, ಅಥವಾ ಕಾಗದದ ಕಾರ್ಖಾನೆಗಳಲ್ಲಿ ದೇವದಾರು ಜಾತಿಯ ಮರದಿಂದ ಉಪಫಲವಾಗಿ ಬರುವ ಕೊಬ್ಬಿನ ಆಮ್ಲಗಳು.

ಹಾಗಾದರೆ ಆ ತಲೆಯು ಸ್ಪಾಡ್ಯುಮೀನನ್ನೇ ಏಕೆ ಕಚ್ಚಬೇಕು? ಲಿಥಿಯಂ ಇರುವುದರಿಂದಲೇ ಎಂದು ಊಹಿಸುವುದು ಸಹಜ. ಆದರೆ ನಿಜಸ್ಥಿತಿ ಬೇರೆ. ಅದು ಕಚ್ಚುವುದು ಅಲ್ಯೂಮಿನಿಯಮ್ಮನ್ನು. ಸ್ಪಾಡ್ಯುಮೀನಿನಲ್ಲಿ ಅಲ್ಯೂಮಿನಿಯಮ್ಮಿನ ಸುತ್ತ ಆರು ಆಮ್ಲಜನಕಗಳಿವೆ. ಆ ಕಟ್ಟು ಅಷ್ಟು ಬಿಗಿಯಲ್ಲ. ಹರಳನ್ನು ಒಡೆದಾಗ ಅದು ತನ್ನ ಸಹಜವಾದ ಸೀಳಿನ ಉದ್ದಕ್ಕೂ ಬಿರಿದು, ಅಲ್ಯೂಮಿನಿಯಂ ಹೊರಮೈಗೆ ಬಂದು ನಿಲ್ಲುವುದು. ಫೆಲ್ಡ್‌ಸ್ಪಾರಿನಲ್ಲಿಯೂ ಅಲ್ಯೂಮಿನಿಯಂ ಉಂಟು; ಆದರೆ ಅಲ್ಲಿ ನಾಲ್ಕೇ ಆಮ್ಲಜನಕಗಳ ನಡುವೆ ಗಟ್ಟಿಯಾಗಿ ಸೆರೆಯಾಗಿರುವುದರಿಂದ ಅಷ್ಟಾಗಿ ಹೊರಕ್ಕೆ ತೋರದು. ಬೆಣಚುಕಲ್ಲಿನಲ್ಲಿ ಅದು ಇಲ್ಲವೇ ಇಲ್ಲ. ಹೀಗೆ ನೆಂಟನ ಪರಿಚಯದಿಂದ ಮನೆಯನ್ನು ಹೊಕ್ಕಂತೆ, ಅಲ್ಯೂಮಿನಿಯಮ್ಮಿನ ಕೈಹಿಡಿದು ಲಿಥಿಯಮ್ಮನ್ನು ಪಡೆಯುತ್ತೇವೆ.

ಕಾರ್ಖಾನೆಯಲ್ಲಿ ಕೆಲಸವು ನಡೆಯುವ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲು ಬಂಡೆಯನ್ನು ಒಡೆದು, ಅರೆಯುವ ಯಂತ್ರದಲ್ಲಿ ಕಾಲು ಮಿಲಿಮೀಟರಿನ ಆಜುಬಾಜಿಗೆ ಪುಡಿ ಮಾಡುವರು. ಅತಿ ನುಣ್ಣನೆಯ ರಾಡಿಯನ್ನು ತೊಳೆದು ಹೊರಹಾಕುವರು. ಕಾಸ್ಟಿಕ್ ಸೋಡಾ ಸೇರಿಸಿ ಪುಡಿಯನ್ನು ಮಂದವಾಗಿ ಕಲಸಿ ರಭಸದಿಂದ ತಿಕ್ಕುವರು. ಇದರಿಂದ ಕಣಗಳ ಮೇಲಿನ ಕೊಳೆ ಬಿಡುವುದು. ಅಭ್ರಕವು ಹೆಚ್ಚಾಗಿದ್ದರೆ ಅದನ್ನು ಅಮೀನ್ ಎಂಬ ಬೇರೊಂದು ಮದ್ದಿನಿಂದ ಮುಂಚೆಯೇ ತೇಲಿಸಿ ತೆಗೆದುಬಿಡುವರು. ಆಮೇಲೆ ಕೊಬ್ಬಿನ ಆಮ್ಲವನ್ನು ಸೇರಿಸಿ, ಗಾಳಿಯೂದುವ ತೊಟ್ಟಿಗಳಿಗೆ ಬಿಡುವರು. ಮೊದಲನೆಯ ನೊರೆಯಲ್ಲಿ ಕಸವೂ ಸೇರಿ ಬರುವುದರಿಂದ ಅದನ್ನು ಮತ್ತೆ ಮತ್ತೆ ತೇಲಿಸಿ ಶುದ್ಧಿಮಾಡುವರು. ಕಬ್ಬಿಣದ ಖನಿಜಗಳು ಉಳಿದಿದ್ದರೆ ಅಯಸ್ಕಾಂತದಿಂದ ಸೆಳೆದುಹಾಕುವರು.

ಇದಕ್ಕೆ ವಿಲೋಮವಾದ ಮಾರ್ಗವೂ ಉಂಟು. ಸುಣ್ಣ ಮತ್ತು ಪಿಷ್ಟದ ಅಂಟನ್ನು ಹಾಕಿ ಸ್ಪಾಡ್ಯುಮೀನನ್ನು ತಳದಲ್ಲಿಯೇ ಅದುಮಿಟ್ಟು, ಅಮೀನಿನಿಂದ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕಗಳನ್ನು ತೇಲಿಸಿ ಚೆಲ್ಲುವುದು ಆ ಮಾರ್ಗ. ಅಮೆರಿಕದ ಉತ್ತರ ಕ್ಯಾರೊಲೈನಾದ ಕಿಂಗ್ಸ್ ಮೌಂಟನ್ ಪ್ರದೇಶದಲ್ಲಿ ಎರಡು ಮಾರ್ಗಗಳೂ ಬಳಕೆಯಲ್ಲಿದ್ದುವು. ಬೇಕಾದುದನ್ನು ಎತ್ತುವುದೋ, ಬೇಡವಾದುದನ್ನು ಎತ್ತುವುದೋ ಎಂಬುದನ್ನು ಅದಿರಿನ ಸ್ವಭಾವವೇ ನಿರ್ಣಯಿಸುವುದು.

ಹೇಳುವುದಕ್ಕೆ ಇದು ಇಷ್ಟು ಸುಲಭ; ಮಾಡುವುದಕ್ಕೆ ಹಾಗಲ್ಲ. ವಿಘ್ನಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು ಕಣದ ಗಾತ್ರ. ದಪ್ಪವಾದರೆ ಗುಳ್ಳೆಯು ಹೊರಲಾರದು. ಮಿಲಿಮೀಟರಿನ ಐವತ್ತನೆಯ ಒಂದು ಪಾಲಿಗಿಂತ ಸಣ್ಣದಾದರೆ ಗುಳ್ಳೆಗೆ ಸಿಕ್ಕದು. ಅದರ ಮೇಲೆ, ತನ್ನ ಅಪಾರವಾದ ಮೈಯಿಂದ ಮದ್ದನ್ನೆಲ್ಲಾ ಹೀರಿ, ಒಳ್ಳೆಯ ಕಣಗಳಿಗೂ ಕೆಸರು ಮೆತ್ತುವುದು. ಆದುದರಿಂದಲೇ ರಾಡಿಯನ್ನು ಮೊದಲೇ ಚೆಲ್ಲುವರು. ಆ ರಾಡಿಯೊಡನೆ ಲಿಥಿಯಂ ಕೂಡ ಹೋಗುವುದು. ಎರಡನೆಯದು ನೀರು. ಗಡಸು ನೀರಿನ ಕ್ಯಾಲ್ಸಿಯಮ್ಮೂ, ಅರೆಯುವ ಯಂತ್ರದಿಂದ ಸವೆದ ಕಬ್ಬಿಣವೂ ಬೆಣಚುಕಲ್ಲಿನ ಮೈಗೆ ಅಂಟಿಕೊಂಡರೆ, ಸಾಬೂನಿನ ತಲೆಯು ಮೋಸಹೋಗಿ ಅದನ್ನೂ ಕಚ್ಚುವುದು. ಆಗ ಎಲ್ಲವೂ ಒಟ್ಟಿಗೆ ತೇಲುವುದು. ಗಡಸು ನೀರಿನಲ್ಲಿ ಬಟ್ಟೆ ಒಗೆಯಲು ಹೋಗಿ ಬೇಸತ್ತ ಗೃಹಿಣಿಯರಿಗೆ ಈ ತೊಂದರೆಯ ಸ್ವರೂಪವು ಚೆನ್ನಾಗಿ ಗೊತ್ತು. ಮೂರನೆಯದು ಬಂಡೆಯ ಹಳಮೆ. ಬಿಸಿಲು ಮಳೆಗಳಿಂದ ಮಾಗಿದ ಮೇಲುಸ್ತರದ ಸ್ಪಾಡ್ಯುಮೀನಿನ ಮೈ ಕೆಟ್ಟು, ಆಳದ ತಾಜಾ ಕಲ್ಲಿನಂತೆ ಮದ್ದಿಗೆ ಓಗೊಡುವುದಿಲ್ಲ. ಒಂದು ಗಣಿಯ ಪಾಕವು ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದೇ ಗಣಿಯಲ್ಲಿ ಈ ಮೂಲೆಯ ಪಾಕವು ಆ ಮೂಲೆಗೆ ಹೊಂದದಿರಬಹುದು.

ನೊರೆಯಿಂದ ಬಂದ ಪುಡಿಯೂ ಇನ್ನೂ ಕಲ್ಲೇ. ಅದನ್ನು ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಹುರಿದರೆ ಹರಳಿನ ಕಟ್ಟಡವು ಸಡಿಲವಾಗಿ ಉಬ್ಬುವುದು; ಸಾಂದ್ರತೆ 3.15ರಿಂದ ಸುಮಾರು 2.4ಕ್ಕೆ ಇಳಿಯುವುದು. ಆ ಬಳಿಕ ಗಂಧಕಾಮ್ಲದೊಡನೆ ಸುಮಾರು 250 ಡಿಗ್ರಿಯಲ್ಲಿ ಬೇಯಿಸಿ, ನೀರಿನಲ್ಲಿ ಕರಗಿಸಿ, ಸೋಡಾ ಬೂದಿಯನ್ನು ಹಾಕಿದರೆ ಲಿಥಿಯಂ ಕಾರ್ಬೊನೇಟು ಬಿಳಿಯ ಪುಡಿಯಾಗಿ ತಳಕ್ಕೆ ಕೂರುವುದು.

ಇನ್ನು ಸ್ವಲ್ಪ ಲೆಕ್ಕ ಹಾಕೋಣ. ನೂರಕ್ಕೆ ಒಂದೂವರೆ ಪಾಲು ಲಿಥಿಯಂ ಆಕ್ಸೈಡು ಇರುವ ಅದಿರನ್ನು 100 ಟನ್ ತೆಗೆದುಕೊಳ್ಳಿ. ಅದರ ಮುಕ್ಕಾಲು ಪಾಲನ್ನು ಆರು ಪಾಲಿನ ಮಟ್ಟದಲ್ಲಿ ಹಿಡಿಯಬಲ್ಲೆವೆಂದು ಇಟ್ಟುಕೊಂಡರೆ, ನಮಗೆ ದೊರೆಯುವ ಪುಡಿ 19 ಟನ್ನಿಗಿಂತ ಕಡಮೆ; ಉಳಿದ 81 ಟನ್ನು ನುಣ್ಣನೆಯ ಮರಳಾಗಿ, ಮದ್ದಿನ ಅಂಶವನ್ನು ಹೊತ್ತು, ಅಲ್ಲಿಯೇ ಬೀಳುವುದು. ತೊಟ್ಟಿಯಲ್ಲಿ ಪುಡಿಯು ನೂರಕ್ಕೆ ಮೂವತ್ತು ಪಾಲಿದ್ದರೆ ಒಂದು ಟನ್ ಪುಡಿಗೆ ಎರಡು ಟನ್ನಿಗೂ ಹೆಚ್ಚು ನೀರು ಬೇಕು. ಈ ನೀರನ್ನು ಮರಳಿ ಮರಳಿ ಬಳಸಬಹುದು. ಆದರೆ ಬಳಸಿದಂತೆಲ್ಲಾ ಅದರಲ್ಲಿ ಕ್ಯಾಲ್ಸಿಯಮ್ಮೂ ಹಳೆಯ ಮದ್ದೂ ಸಂಚಯವಾಗಿ, ಮೇಲೆ ಹೇಳಿದ ಎರಡನೆಯ ವಿಘ್ನವು ತಲೆಯೆತ್ತುವುದು.

ಈಗ ಮಂಡ್ಯದ 1,600 ಟನ್ನಿಗೆ ಬರೋಣ. ಅದೆಲ್ಲವನ್ನೂ ಶುದ್ಧ ಲೋಹವೆಂದೇ ಗಣಿಸಿದರೂ, ಒಂದು ವಿದ್ಯುತ್ ಕಾರಿಗೆ ಸುಮಾರು ಎಂಟು ಕಿಲೋಗ್ರಾಂ ಬೇಕೆಂದು ಲೆಕ್ಕವಿಟ್ಟರೆ, ಎರಡು ಲಕ್ಷ ಕಾರುಗಳಿಗೆ ಸಾಕಾಗುವುದು. ನೊರೆಯಲ್ಲಿ ಕಾಲುಪಾಲು ನಷ್ಟವಾದರೆ ಒಂದೂವರೆ ಲಕ್ಷ. ಇಡೀ ಲೋಕದ ಗಣಿಗಳಿಂದ 2022ರ ಒಂದೇ ವರ್ಷದಲ್ಲಿ ಬಂದ ಲಿಥಿಯಂ ಲಕ್ಷ ಟನ್ನನ್ನು ಮೀರಿತ್ತು. ಈ ಅಂಕಗಳನ್ನು ನಾವು ಉತ್ಸಾಹವನ್ನು ಕುಗ್ಗಿಸಲು ಹೇಳುತ್ತಿಲ್ಲ. ಮುಂದಿನ ಶೋಧನೆಯಲ್ಲಿ ಹೆಚ್ಚು ಸಿಕ್ಕಬಹುದು, ಕಡಮೆಯೂ ಆಗಬಹುದು. 2023ರ ಕಾನೂನಿನ ತಿದ್ದುಪಡಿಯಿಂದ ಲಿಥಿಯಮ್ಮನ್ನು ಅಣುಖನಿಜಗಳ ಪಟ್ಟಿಯಿಂದ ತೆಗೆದು, ಖಾಸಗಿಯವರಿಗೂ ಬಾಗಿಲನ್ನು ತೆರೆದದ್ದಾಗಿದೆ. ಆದರೆ ಕಬ್ಬು ಭತ್ತಗಳ ಮಂಡ್ಯದಲ್ಲಿ ಒಂದೊಂದು ಕಾಲುವೆಯ ನೀರಿಗೂ ಹಕ್ಕುದಾರರುಂಟು. ಎಷ್ಟು ಟನ್ ಇದೆ ಎಂಬ ಪ್ರಶ್ನೆಯ ಜೊತೆಯಲ್ಲಿಯೇ ಇನ್ನೂ ಮೂರು ಪ್ರಶ್ನೆಗಳನ್ನು ನಾವು ಕೇಳಬೇಕು: ಅದರಲ್ಲಿ ಎಷ್ಟು ತೇಲೀತು? ಅದಕ್ಕೆ ಯಾವ ನೀರು? ಉಳಿದ ಮರಳು ಎಲ್ಲಿಗೆ?

ಮೂರನೆಯ ಪ್ರಶ್ನೆಯನ್ನು ಕೇಳದೆ ಹೋದುದರ ಫಲವನ್ನು ನಾಡು ಕಂಡಿದೆ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಗಣಿಯು ಹೋಯಿತು, ಜನರು ಸಯನೈಡ್ ದಿಬ್ಬಗಳೆಂದು ಕರೆಯುವ ಪುಡಿಯ ಗುಡ್ಡಗಳು ಉಳಿದುವು. ಗಾಳಿ ಬೀಸುವ ಕಾಲದಲ್ಲಿ ಆ ಪುಡಿ ಎದ್ದು ಮನೆಗಳೊಳಕ್ಕೆ, ಉಸಿರಿನೊಳಕ್ಕೆ ನುಗ್ಗುವುದು. ಆ ದಿಬ್ಬಗಳಲ್ಲಿ ಇನ್ನೂ ಚಿನ್ನವಿದೆ ಎಂಬುದೂ ನಿಜವೇ. ಚಿನ್ನವು ಕಂಪನಿಯ ಪುಸ್ತಕಕ್ಕೆ ಹೋಯಿತು. ಧೂಳು ಊರಿನ ಪಾಲಿಗೆ ಬಂತು.

ಹಾಗಾದರೆ ಕಲ್ಲನ್ನು ಮುಟ್ಟಲೇ ಬಾರದೆ? ನಮ್ಮ ಅಭಿಪ್ರಾಯವು ಅದಲ್ಲ. ಉಳಿಕೆಯ ಬೆಣಚುಕಲ್ಲೂ ಫೆಲ್ಡ್‌ಸ್ಪಾರೂ ಗಾಜಿಗೆ, ಪಿಂಗಾಣಿಗೆ ಬೇಕಾದ ವಸ್ತುಗಳೇ, ಅಭ್ರಕಕ್ಕೂ ಕೊಳ್ಳುವವರುಂಟು. ಮೊದಲಿನಿಂದಲೇ ಆ ದೃಷ್ಟಿಯಿಂದ ಏರ್ಪಾಡು ಮಾಡಿದರೆ ಗುಡ್ಡವು ಕುಗ್ಗುವುದು. ಕುಗ್ಗದೆ ಉಳಿದುದನ್ನು ಗಾಳಿಗೂ ಮಳೆಗೂ ಸಿಕ್ಕದಂತೆ ಕಟ್ಟಿ, ಅದರಲ್ಲಿ ಏನೇನು ಎಷ್ಟೆಷ್ಟು ಇದೆಯೆಂದು ಬರೆದಿಟ್ಟರೆ, ಬ್ರೋಕನ್ ಹಿಲ್ಲಿನಲ್ಲಿ ಆದಂತೆ ಇಂದಿನ ವಿದ್ಯೆಗೆ ನಿಲುಕದ ರಾಡಿಯ ಲಿಥಿಯಂ ನಾಳಿನವರ ವಿದ್ಯೆಗೆ ನಿಲುಕಬಹುದು. ಇದಕ್ಕೆ ಬೇಕಾದುದು ಮಾರ್ಲಗಲ್ಲದ ಕಲ್ಲನ್ನೇ, ಅಲ್ಲಿ ದೊರೆಯುವ ನೀರಿನಲ್ಲೇ ಪರೀಕ್ಷಿಸುವ ಪ್ರಯೋಗಶಾಲೆಯ ಕೆಲಸ. ಅನ್ಯದೇಶದ ಪುಸ್ತಕದ ಪಾಕವನ್ನು ಓದಿ ಅಂದಾಜು ಮಾಡಿದರೆ ಸಾಲದು. ನಮ್ಮ ಕಾಲೇಜುಗಳಲ್ಲಿ ರಸಾಯನಶಾಸ್ತ್ರವನ್ನೂ ಭೂವಿಜ್ಞಾನವನ್ನೂ ಕಲಿಯುವ ತರುಣರಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಉಪಯುಕ್ತವಾದ ಸಮಸ್ಯೆಯು ಅಪರೂಪ. ಒಂದು ಕಣದ ಚರ್ಮದ ಮೇಲೆ ಅಣುವೊಂದು ಕಚ್ಚುವುದೋ ಬಿಡುವುದೋ ಎಂಬುದರ ಮೇಲೆ ಒಂದು ತಾಲ್ಲೂಕಿನ ನೆಲಜಲಗಳ ಭವಿಷ್ಯವು ನಿಂತಿರುವಾಗ, ಆ ಕಣವನ್ನು ಮೊದಲು ನಾವೇ ನೋಡಿ ತಿಳಿಯುವುದು ನ್ಯಾಯವಲ್ಲವೆ?